ಮೆದುಳು ಮತ್ತು ಬೆನ್ನುಹುರಿಯ ಶಸ್ತ್ರಚಿಕಿತ್ಸೆ: ತರಬೇತಿ, ಸಂಶೋಧನೆ ಹಾಗೂ ರೋಗಿಯ ಸಮ್ಮತಿ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಮೆದುಳು, ಬೆನ್ನುಹುರಿ ಮತ್ತು ನರಗಳಿಗೆ ಸಂಬಂಧಿಸಿದ ಶಸ್ತ್ರಚಿಕಿತ್ಸೆಯನ್ನು ನರಶಸ್ತ್ರಚಿಕಿತ್ಸೆ ಎಂದು ಕರೆಯಲಾಗುತ್ತದೆ. ಸರ್ಕಾರಿ ವಲಯದಲ್ಲಿ ಈ ಸೇವೆಯು ಮುಖ್ಯವಾಗಿ ವೈದ್ಯಕೀಯ ಬೋಧನಾ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಸದರಿ ಆಸ್ಪತ್ರೆಗಳಲ್ಲಿ ರೋಗಿಗಳ ಚಿಕಿತ್ಸೆ, ವೈದ್ಯರ ತರಬೇತಿ ಮತ್ತು ಸಂಶೋಧನೆ ಎಂಬ ಮೂರು ಕಾರ್ಯಗಳು ಒಂದೇ ಸೂರಿನಡಿ ನಡೆಯುತ್ತವೆ. ಆದುದರಿಂದ ರೋಗಿಯ ಕುಟುಂಬದವರ ಮುಂದೆ ಒಂದಕ್ಕಿಂತ ಹೆಚ್ಚು ಸಮ್ಮತಿ ಪತ್ರಗಳು ಬರುವ ಸಂದರ್ಭಗಳಿರುತ್ತವೆ. ರೋಗಿಗೆ ಪ್ರಜ್ಞೆ ಇಲ್ಲದಿರುವಾಗ, ದೂರದ ಊರಿನಿಂದ ಬಂದ ಸಂಬಂಧಿಕರು ಗಾಬರಿಯಲ್ಲಿ ಎಲ್ಲ ಪತ್ರಗಳಿಗೂ ಓದದೆಯೇ ಸಹಿ ಮಾಡುವ ಸಾಧ್ಯತೆ ಇರುತ್ತದೆ. ಯಾವ ಪತ್ರ ಯಾವ ಉದ್ದೇಶಕ್ಕಾಗಿ, ಯಾವುದಕ್ಕೆ ನಿರಾಕರಿಸಬಹುದು, ನಿರಾಕರಿಸಿದಲ್ಲಿ ಏನಾಗುತ್ತದೆ ಎಂಬುದನ್ನು ನಾಗರಿಕರು ಮುಂಚಿತವಾಗಿ ತಿಳಿದಿರುವುದು ಅಗತ್ಯ. ಈ ಉದ್ದೇಶದಿಂದ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ನಮ್ಮ ದೇಶದಲ್ಲಿ ನರಶಸ್ತ್ರಚಿಕಿತ್ಸೆಯ ಬೆಳವಣಿಗೆ

ಭಾರತದಲ್ಲಿ ನರಶಸ್ತ್ರಚಿಕಿತ್ಸೆಯ ಮೊದಲ ವಿಭಾಗವನ್ನು ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆರಂಭಿಸಿದರು. ಮರುವರ್ಷ ಡಾ. ಬಿ. ರಾಮಮೂರ್ತಿ ಅವರು ಮದರಾಸಿನಲ್ಲಿ ಈ ಸೇವೆಯನ್ನು ಪ್ರಾರಂಭಿಸಿದರು. 1951ರಲ್ಲಿ ಭಾರತೀಯ ನರವಿಜ್ಞಾನ ಸಂಘವು ಸ್ಥಾಪನೆಯಾಯಿತು.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಸ್ಥಾಪಿತವಾಯಿತು. ಇಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಕಟ್ಟಿ ಬೆಳೆಸಿದವರು ಡಾ. ಆರ್. ಮಾರ್ತಾಂಡ ವರ್ಮ (1921-2015). ಪಾರ್ಕಿನ್ಸನ್ ಕಾಯಿಲೆಯ ನಡುಕವನ್ನು ತಗ್ಗಿಸಲು ತಲೆಬುರುಡೆಯನ್ನು ಕೊರೆಯದೆ, ಅದರ ತಳದಲ್ಲಿ ಸ್ವಾಭಾವಿಕವಾಗಿಯೇ ಇರುವ ರಂಧ್ರದ ಮೂಲಕ ಸೂಜಿಯನ್ನು ಒಯ್ದು ಚಿಕಿತ್ಸೆ ನೀಡುವ ವಿಧಾನವನ್ನು ಅವರು ರೂಪಿಸಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸದರಿ ಸಂಸ್ಥೆ ಮತ್ತು ರಾಜ್ಯದ ಮಾನಸಿಕ ಆಸ್ಪತ್ರೆಯನ್ನು ವಿಲೀನಗೊಳಿಸಿ 1974ರ ಡಿಸೆಂಬರ್ 27ರಂದು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು (ನಿಮ್ಹಾನ್ಸ್) ರಚಿಸಲಾಯಿತು. ಡಾ. ವರ್ಮ ಅವರು ಇದರ ಮೊದಲ ನಿರ್ದೇಶಕರಾಗಿದ್ದರು. 1994ರಲ್ಲಿ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನ ದೊರೆಯಿತು. 2012ರ ಅಧಿನಿಯಮದ ಮೂಲಕ ಇದನ್ನು ರಾಷ್ಟ್ರೀಯ ಪ್ರಾಮುಖ್ಯತೆಯ ಸಂಸ್ಥೆಯೆಂದು ಘೋಷಿಸಲಾಯಿತು.

3. ನರಶಸ್ತ್ರಚಿಕಿತ್ಸಕರ ತರಬೇತಿ

ನರಶಸ್ತ್ರಚಿಕಿತ್ಸಕರಾಗಲು ಎಂ.ಸಿಎಚ್. ಪದವಿ ಅಥವಾ ಅದಕ್ಕೆ ತತ್ಸಮಾನವಾದ ಡಿಆರ್‌ಎನ್‌ಬಿ ಅರ್ಹತೆ ಅವಶ್ಯಕ. ಸಾಮಾನ್ಯ ಮಾರ್ಗದಲ್ಲಿ ಎಂ.ಬಿ.ಬಿ.ಎಸ್. ವ್ಯಾಸಂಗ ಹಾಗೂ ಕಡ್ಡಾಯ ಇಂಟರ್ನ್‌ಶಿಪ್‌ಗೆ 5½ ವರ್ಷ, ಸಾಮಾನ್ಯ ಶಸ್ತ್ರಚಿಕಿತ್ಸೆಯ ಎಂ.ಎಸ್. ಪದವಿಗೆ 3 ವರ್ಷ, ತದನಂತರ ಎಂ.ಸಿಎಚ್. ಪದವಿಗೆ 3 ವರ್ಷ, ಹೀಗೆ ಕನಿಷ್ಠ 11½ ವರ್ಷಗಳು ಬೇಕಾಗುತ್ತವೆ. ಕೆಲವು ಸಂಸ್ಥೆಗಳಲ್ಲಿ ಎಂ.ಬಿ.ಬಿ.ಎಸ್. ನಂತರ ನೇರವಾಗಿ ಸೇರಬಹುದಾದ ದೀರ್ಘಾವಧಿಯ ಕೋರ್ಸ್ ಸಹ ಇರುತ್ತದೆ. ಪ್ರವೇಶವು ರಾಷ್ಟ್ರಮಟ್ಟದ ಪರೀಕ್ಷೆಗಳ ಮೂಲಕ ನಡೆಯುತ್ತದೆ.

ತರಬೇತಿಯು ಹಂತ ಹಂತವಾಗಿ ಸಾಗುತ್ತದೆ. ಅಭ್ಯರ್ಥಿಯು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಸಣ್ಣ ಕೊಳವೆಗಳನ್ನು ಹೊಲಿಯುವುದನ್ನು ಅಭ್ಯಾಸ ಮಾಡುತ್ತಾನೆ. ದಾನವಾಗಿ ಬಂದ ಮೃತದೇಹಗಳಲ್ಲಿ ತಲೆಬುರುಡೆಯ ತಳಭಾಗದ ರಚನೆಯನ್ನು ಕಲಿಯುತ್ತಾನೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮೊದಲು ವೀಕ್ಷಕನಾಗಿ, ನಂತರ ಸಹಾಯಕನಾಗಿ, ಆನಂತರ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ಶಸ್ತ್ರಚಿಕಿತ್ಸೆಯ ಒಂದೊಂದು ಭಾಗವನ್ನು ನಿರ್ವಹಿಸುತ್ತಾನೆ. ಜೀವಂತ ಮೆದುಳಿನಲ್ಲಿ ಒಂದೆರಡು ಮಿಲಿಮೀಟರ್‌ಗಳ ವ್ಯತ್ಯಾಸವಾದರೂ ರೋಗಿಯ ಮಾತು ಅಥವಾ ಕೈಕಾಲುಗಳ ಚಲನೆಗೆ ಧಕ್ಕೆಯಾಗಬಹುದು. ಈ ಕಾರಣದಿಂದಲೇ ರೋಗಿಯನ್ನು ಮುಟ್ಟುವ ಮುನ್ನ ಪ್ರಯೋಗಾಲಯದ ಅಭ್ಯಾಸಕ್ಕೆ ಮಹತ್ವ ನೀಡಲಾಗಿದೆ.

4. ಸಂಶೋಧನೆಯ ಅಗತ್ಯ

ಬಹುಕಾಲದಿಂದ ರೂಢಿಯಲ್ಲಿರುವ ಚಿಕಿತ್ಸೆಯೆಲ್ಲವೂ ಪ್ರಯೋಜನಕಾರಿ ಎಂದು ಭಾವಿಸಲಾಗದು. ಇದಕ್ಕೆ ಕೆಳಕಂಡ ಮೂರು ನಿದರ್ಶನಗಳನ್ನು ಗಮನಿಸಬಹುದು.

(ಅ) ತಲೆಪೆಟ್ಟು: ತಲೆಗೆ ತೀವ್ರ ಪೆಟ್ಟು ಬಿದ್ದವರಿಗೆ ಮೆದುಳಿನ ಊತ ತಗ್ಗಲೆಂದು ಸ್ಟಿರಾಯ್ಡ್ ಔಷಧವನ್ನು ಹಲವು ದೇಶಗಳಲ್ಲಿ ದಶಕಗಳ ಕಾಲ ನೀಡಲಾಗುತ್ತಿತ್ತು. ಇದರ ಪರಿಣಾಮವನ್ನು ಪರಿಶೀಲಿಸಲು 49 ದೇಶಗಳ 239 ಆಸ್ಪತ್ರೆಗಳಲ್ಲಿ ‘ಕ್ರ್ಯಾಶ್’ ಎಂಬ ಅಧ್ಯಯನ ನಡೆಯಿತು. ಒಟ್ಟು 10,008 ರೋಗಿಗಳಲ್ಲಿ ಯಾರಿಗೆ ಔಷಧ, ಯಾರಿಗೆ ಔಷಧವಿಲ್ಲದ ದ್ರಾವಣ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವಾರಗಳೊಳಗೆ ಔಷಧ ಪಡೆದವರಲ್ಲಿ ಶೇ. 21.1ರಷ್ಟು ಮಂದಿಯೂ, ಪಡೆಯದವರಲ್ಲಿ ಶೇ. 17.9ರಷ್ಟು ಮಂದಿಯೂ ಮೃತಪಟ್ಟಿದ್ದರು. ಅಂದರೆ ಒಳಿತಿಗೆಂದು ನೀಡುತ್ತಿದ್ದ ಔಷಧದಿಂದ ಪ್ರತಿ ನೂರು ರೋಗಿಗಳಲ್ಲಿ ಸುಮಾರು ಮೂವರು ಹೆಚ್ಚಾಗಿ ಸಾಯುತ್ತಿದ್ದರು. ತಲೆಪೆಟ್ಟಿಗೆ ಈ ಔಷಧವನ್ನು ವಾಡಿಕೆಯಾಗಿ ನೀಡಬಾರದೆಂಬುದು ಇದರಿಂದ ಖಚಿತವಾಯಿತು.

(ಆ) ಬೆನ್ನುಮೂಳೆಯ ಕ್ಷಯ: ಈ ಕಾಯಿಲೆಗೆ ಹಿಂದೆ ರೋಗಿಯನ್ನು ತಿಂಗಳುಗಟ್ಟಲೆ ಅಲುಗಾಡದಂತೆ ಮಲಗಿಸಲಾಗುತ್ತಿತ್ತು. 1960ರ ದಶಕದಿಂದ ಕೊರಿಯಾ, ಮದರಾಸು ಮುಂತಾದೆಡೆ ನಡೆದ ಅಧ್ಯಯನಗಳಿಂದ, ಸರಿಯಾದ ಔಷಧ ಸೇವಿಸಿದಲ್ಲಿ ಬಹುಪಾಲು ರೋಗಿಗಳು ನಡೆದಾಡಿಕೊಂಡಿದ್ದೇ ಗುಣವಾಗುವರೆಂದು ತಿಳಿದುಬಂದಿತು. ಕಾಲುಗಳಲ್ಲಿ ಶಕ್ತಿ ಕುಂದುತ್ತಿದ್ದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗಬಹುದು.

(ಇ) ಶಿಶುವಿನ ಬೆನ್ನುಹುರಿ ದೋಷ: ಗರ್ಭದಲ್ಲಿ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದ ಮಗುವನ್ನು ಒಮ್ಮೆ ಹೆತ್ತಿದ್ದ ತಾಯಂದಿರ ಮೇಲೆ ನಡೆದ ಅಧ್ಯಯನವೊಂದು 1991ರಲ್ಲಿ ಪ್ರಕಟವಾಯಿತು. ಗರ್ಭಧಾರಣೆಗೆ ಮುಂಚಿನಿಂದಲೇ ಫೋಲಿಕ್ ಆಮ್ಲ ಸೇವಿಸಿದಲ್ಲಿ ಈ ದೋಷ ಮರುಕಳಿಸುವುದು ಶೇ. 72ರಷ್ಟು ತಗ್ಗುತ್ತದೆಂದು ಅದು ತೋರಿಸಿತು. ಹೀಗೆ ಸಂಶೋಧನೆಯಿಂದ ಶಸ್ತ್ರಚಿಕಿತ್ಸೆಯ ಅಗತ್ಯವೇ ತಪ್ಪುವುದೂ ಉಂಟು.

ಮೇಲ್ಕಂಡ ಅಧ್ಯಯನಗಳು ನಡೆದದ್ದು ಸಾವಿರಾರು ಸಾಮಾನ್ಯ ರೋಗಿಗಳು ಭಾಗವಹಿಸಿದ್ದರಿಂದ. ಅವರ ರಕ್ಷಣೆಗಾಗಿಯೇ ಸಮ್ಮತಿಯ ನಿಯಮಗಳನ್ನು ರೂಪಿಸಲಾಗಿದೆ.

5. ಸಮ್ಮತಿ ಪತ್ರಗಳು

(ಅ) ಚಿಕಿತ್ಸೆಯ ಸಮ್ಮತಿ ಪತ್ರ: ಶಸ್ತ್ರಚಿಕಿತ್ಸೆಯ ಹೆಸರು, ಉದ್ದೇಶ, ಸಂಭವನೀಯ ಅಪಾಯಗಳು ಹಾಗೂ ಲಭ್ಯವಿರುವ ಇತರ ಮಾರ್ಗಗಳನ್ನು ರೋಗಿಗೆ ಅರ್ಥವಾಗುವಂತೆ ತಿಳಿಸಿದ ನಂತರ ಇದನ್ನು ಪಡೆಯತಕ್ಕದ್ದು. ಒಂದು ಪರೀಕ್ಷೆಗೆ ನೀಡಿದ ಸಮ್ಮತಿಯು ಶಸ್ತ್ರಚಿಕಿತ್ಸೆಗೆ ನೀಡಿದ ಸಮ್ಮತಿಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ (2008) ತೀರ್ಪು ನೀಡಿದೆ.

(ಆ) ಸಂಶೋಧನೆಯ ಸಮ್ಮತಿ ಪತ್ರ: ಇದು ಪ್ರತ್ಯೇಕ ಪತ್ರವಾಗಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಇದಕ್ಕೆ ಅನ್ವಯಿಸುತ್ತವೆ. ಹೊಸ ಔಷಧಗಳ ಪ್ರಯೋಗವಾಗಿದ್ದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳೂ ಅನ್ವಯಿಸುತ್ತವೆ. ಇವುಗಳ ಮುಖ್ಯಾಂಶಗಳು ಹೀಗಿವೆ:

• ಅಧ್ಯಯನವನ್ನು ನೈತಿಕ ಸಮಿತಿಯು ಮೊದಲೇ ಅನುಮೋದಿಸಿರಬೇಕು. ಔಷಧ ಪ್ರಯೋಗದ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರಿರಬೇಕು. ಅವರಲ್ಲಿ ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಕಾನೂನು ಬಲ್ಲವರೂ ಇರಬೇಕು.
• ಔಷಧ ಪ್ರಯೋಗಗಳನ್ನು ಭಾರತದ ಕ್ಲಿನಿಕಲ್ ಪ್ರಯೋಗ ನೋಂದಣಿಯಲ್ಲಿ ದಾಖಲಿಸಿರಬೇಕು. 2007ರಲ್ಲಿ ಆರಂಭವಾದ ಈ ನೋಂದಣಿಯನ್ನು ಸಾರ್ವಜನಿಕರೂ ಪರಿಶೀಲಿಸಬಹುದು.
• ಭಾಗವಹಿಸುವುದು ಸಂಪೂರ್ಣ ಸ್ವಇಚ್ಛೆಯ ವಿಷಯ. ಯಾವುದೇ ಹಂತದಲ್ಲಿ ಕಾರಣ ನೀಡದೆ ಹೊರಬರಬಹುದು.
• ಔಷಧ ಪ್ರಯೋಗದಿಂದ ಹಾನಿಯಾದಲ್ಲಿ ನಿಯಮಾನುಸಾರ ಉಚಿತ ಚಿಕಿತ್ಸೆ ಹಾಗೂ ಪರಿಹಾರಕ್ಕೆ ಅವಕಾಶವಿದೆ.
• ಮಾಹಿತಿ ಪತ್ರದ ಪ್ರತಿಯನ್ನು ಕೇಳಿ ಪಡೆದು ಇತರ ದಾಖಲೆಗಳೊಂದಿಗೆ ಇರಿಸಿಕೊಳ್ಳತಕ್ಕದ್ದು.

6. ಮೆದುಳು ದಾನ ಮತ್ತು ದೇಹದಾನ

ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗದಲ್ಲಿ 1995ರಲ್ಲಿ ಮಾನವ ಮೆದುಳು ಬ್ಯಾಂಕನ್ನು ಸ್ಥಾಪಿಸಲಾಯಿತು. ಮರಣಾನಂತರ ಸಂಬಂಧಿಕರ ಒಪ್ಪಿಗೆಯೊಂದಿಗೆ ಪಡೆದ ಮೆದುಳುಗಳನ್ನು ಇಲ್ಲಿ ಶೀತಲೀಕರಿಸಿ ಸಂರಕ್ಷಿಸಲಾಗುತ್ತದೆ. ಮರೆವು ರೋಗ, ಪಾರ್ಕಿನ್ಸನ್, ಮೆದುಳಿನ ಗಡ್ಡೆ, ತಲೆಪೆಟ್ಟು ಮುಂತಾದವುಗಳ ಅಧ್ಯಯನಕ್ಕೆ ಇವು ಬಳಕೆಯಾಗುತ್ತವೆ. ಹೋಲಿಕೆಗಾಗಿ ಕಾಯಿಲೆ ಇಲ್ಲದವರ ಮೆದುಳು ಸಹ ಅಷ್ಟೇ ಅಗತ್ಯ. ಮೆದುಳನ್ನು ಹೊರತೆಗೆಯಲು ಕೂದಲಿರುವ ಭಾಗದಲ್ಲಿ ಕೊಯ್ದು ಮತ್ತೆ ಹೊಲಿಯಲಾಗುವುದರಿಂದ ಮುಖವು ವಿರೂಪವಾಗುವುದಿಲ್ಲ. ತದನಂತರ ಪಾರ್ಥಿವ ಶರೀರವನ್ನು ಅಂತ್ಯಕ್ರಿಯೆಗೆ ಹಿಂತಿರುಗಿಸಲಾಗುತ್ತದೆ.

ಮೆದುಳು ದಾನವನ್ನು ಅಂಗಾಂಗ ದಾನದೊಂದಿಗೆ ಬೆರೆಸಿಕೊಳ್ಳಬಾರದು. ಮೆದುಳು ನಿಷ್ಕ್ರಿಯಗೊಂಡ ವ್ಯಕ್ತಿಯ ಮೂತ್ರಪಿಂಡ, ಯಕೃತ್ತು ಮುಂತಾದವುಗಳ ದಾನವು 1994ರ ಅಂಗಾಂಗ ಕಸಿ ಅಧಿನಿಯಮಕ್ಕೆ ಒಳಪಟ್ಟಿರುತ್ತದೆ. ಅದಕ್ಕೆ ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢೀಕರಿಸಬೇಕು. ಇಡೀ ದೇಹವನ್ನು ಬೋಧನೆಗಾಗಿ ವೈದ್ಯಕೀಯ ಕಾಲೇಜಿಗೆ ನೀಡುವುದು ದೇಹದಾನ. ಇವು ಮೂರೂ ಪ್ರತ್ಯೇಕ ಒಪ್ಪಿಗೆಗಳು. ದಾನ ಮಾಡಲು ಇಚ್ಛಿಸುವವರು ತಮ್ಮ ನಿರ್ಧಾರವನ್ನು ಮನೆಯವರಿಗೆ ತಿಳಿಸಿರುವುದು ಬಹಳ ಮುಖ್ಯ. ಮರಣಾನಂತರ ಒಪ್ಪಿಗೆ ನೀಡಬೇಕಾದವರು ಅವರೇ ಆಗಿರುತ್ತಾರೆ.

7. ವಿಳಂಬ ಮಾಡದೆ ಆಸ್ಪತ್ರೆಗೆ ಕರೆತರಬೇಕಾದ ಸಂದರ್ಭಗಳು

• ತಲೆಗೆ ಪೆಟ್ಟು ಬಿದ್ದ ನಂತರ ಪದೇ ಪದೇ ವಾಂತಿ, ಹೆಚ್ಚುತ್ತಿರುವ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ತಿಳಿನೀರು ಬರುವುದು. ಪೆಟ್ಟು ಬಿದ್ದು ಎಚ್ಚರಗೊಂಡವರು ಚೆನ್ನಾಗಿ ಮಾತನಾಡುತ್ತಿದ್ದರೂ ಕೆಲವು ಗಂಟೆಗಳ ನಂತರ ತಲೆಬುರುಡೆಯೊಳಗೆ ರಕ್ತ ಶೇಖರಗೊಂಡು ಪ್ರಜ್ಞೆ ತಪ್ಪಬಹುದು.
• ಸೊಂಟನೋವಿನೊಂದಿಗೆ ಮೂತ್ರ ಕಟ್ಟಿಕೊಳ್ಳುವುದು, ತೊಡೆಸಂದಿಯಲ್ಲಿ ಜೋಮು ಹಿಡಿಯುವುದು, ಕಾಲುಗಳ ಶಕ್ತಿ ಕುಂದುವುದು.

ಗಾಯಾಳುವಿನ ಕುತ್ತಿಗೆ ಹೊರಳದಂತೆ ಎಚ್ಚರ ವಹಿಸಬೇಕು; ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು. 108 ಸಂಖ್ಯೆಗೆ ಕರೆ ಮಾಡಬೇಕು. ಅಪಘಾತದ ಗಾಯಾಳುವನ್ನು ಸದುದ್ದೇಶದಿಂದ ಆಸ್ಪತ್ರೆಗೆ ಸೇರಿಸಿದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಅಧಿನಿಯಮದಲ್ಲಿ ಕಾನೂನಿನ ರಕ್ಷಣೆ ಇದೆ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಸಂಶೋಧನೆಗೆ ಒಪ್ಪದಿದ್ದಲ್ಲಿ ಚಿಕಿತ್ಸೆ ನಿಲ್ಲುವುದೇ?
ಉ: ಇಲ್ಲ. ನಿರಾಕರಿಸಿದ ಕಾರಣಕ್ಕೆ ವಾಡಿಕೆಯ ಚಿಕಿತ್ಸೆಯನ್ನು ತಡೆಹಿಡಿಯುವಂತಿಲ್ಲ.

ಪ್ರ: ಶಸ್ತ್ರಚಿಕಿತ್ಸೆಯನ್ನು ತರಬೇತಿಯಲ್ಲಿರುವ ವೈದ್ಯರು ಮಾಡುವರೇ?
ಉ: ಬೋಧನಾ ಆಸ್ಪತ್ರೆಗಳಲ್ಲಿ ಅವರು ಹಿರಿಯರ ಮೇಲ್ವಿಚಾರಣೆಯಲ್ಲಿ ಭಾಗವಹಿಸುತ್ತಾರೆ. ಮುಖ್ಯ ಹೊಣೆ ಯಾವ ವೈದ್ಯರದೆಂದು ಸಹಿ ಮಾಡುವ ಮುನ್ನ ಕೇಳಿ ತಿಳಿದುಕೊಳ್ಳಬಹುದು.

ಪ್ರ: ಗಾಯಾಳುವಿಗೆ ಪ್ರಜ್ಞೆ ಇಲ್ಲ, ಸಂಬಂಧಿಕರೂ ಬಂದಿಲ್ಲ. ಆಗ ಏನು ಕ್ರಮ?
ಉ: ಜೀವ ಉಳಿಸಲು ಅಗತ್ಯವಾದ ತುರ್ತು ಚಿಕಿತ್ಸೆಯನ್ನು ಸಮ್ಮತಿಗಾಗಿ ಕಾಯದೆ ನೀಡಬಹುದು.

ಪ್ರ: ಓದು ಬರಹ ಬಾರದವರು ಸಂಶೋಧನೆಗೆ ಸಮ್ಮತಿ ನೀಡುವುದು ಹೇಗೆ?
ಉ: ಸಂಶೋಧನೆಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರು ಪತ್ರವನ್ನು ಪೂರ್ಣವಾಗಿ ಓದಿ ಹೇಳಬೇಕು. ನಂತರ ಹೆಬ್ಬೆಟ್ಟಿನ ಗುರುತು ಮತ್ತು ಸಾಕ್ಷಿಯ ಸಹಿ ಪಡೆಯಲಾಗುತ್ತದೆ.

ಪ್ರ: ಬೆನ್ನಿನಿಂದ ನೀರು ತೆಗೆದರೆ ಲಕ್ವ ಹೊಡೆಯುತ್ತದೆಂಬುದು ನಿಜವೇ?
ಉ: ಇದು ತಪ್ಪು ತಿಳಿವಳಿಕೆ. ವಯಸ್ಕರಲ್ಲಿ ಬೆನ್ನುಹುರಿಯು ಸಾಮಾನ್ಯವಾಗಿ ಸೊಂಟದ ಮೊದಲ ಅಥವಾ ಎರಡನೆಯ ಮೂಳೆಯ ಮಟ್ಟದಲ್ಲಿಯೇ ಮುಗಿಯುತ್ತದೆ. ಸೂಜಿಯನ್ನು ಅದಕ್ಕಿಂತ ಕೆಳಗೆ ಚುಚ್ಚಲಾಗುತ್ತದೆ. ಪರೀಕ್ಷೆಯ ನಂತರ ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು.

ಸೂಚನೆ: ಚಿಕಿತ್ಸೆಗೆ ಬರುವಾಗ ಪಡಿತರ ಚೀಟಿ, ಆಧಾರ್ ಕಾರ್ಡ್, ಹಿಂದಿನ ಸ್ಕ್ಯಾನ್ ಫಿಲಂಗಳು ಮತ್ತು ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಜೊತೆಗೆ ತರುವುದು. ತುರ್ತು ಸಂದರ್ಭದಲ್ಲಿ ಇವುಗಳಿಗಾಗಿ ಕಾಲ ಕಳೆಯಬಾರದು; ದಾಖಲೆಗಳನ್ನು ನಂತರ ತಂದು ಹಾಜರುಪಡಿಸಬಹುದು. ಮೇಲ್ಕಂಡ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಇದ್ದು, ಚಿಕಿತ್ಸೆಯ ಬಗ್ಗೆ ವೈದ್ಯರ ಸಲಹೆಯೇ ಅಂತಿಮವಾಗಿರುತ್ತದೆ.