ಟೈಮಿಂಗ್ ಚೈನ್ ಟೆನ್ಷನರ್ ಸವೆತ: ಮುಂಜಾನೆಯ ಸದ್ದನ್ನು ಅಲಕ್ಷಿಸಬೇಡಿ

ರಾತ್ರಿಯಿಡೀ ನಿಂತಿದ್ದ ಡೀಸೆಲ್ ಕಾರನ್ನು ಚಾಲೂ ಮಾಡಿದ ಕೂಡಲೇ ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸಿದಂತಹ ಸದ್ದು ಕೇಳಿಬಂದು, ಎರಡು ಮೂರು ಸೆಕೆಂಡುಗಳಲ್ಲಿ ತಾನಾಗಿಯೇ ನಿಂತುಹೋದರೆ ಬಹುತೇಕ ಮಾಲೀಕರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈಮಿಂಗ್ ಚೈನಿನ ಟೆನ್ಷನರ್ ಸವೆದಿದೆ ಎಂಬುದಕ್ಕೆ ಎಂಜಿನ್ ನೀಡುವ ಮೊದಲ ಸೂಚನೆ ಸಾಮಾನ್ಯವಾಗಿ ಇದೇ ಆಗಿರುತ್ತದೆ. ಈ ಹಂತದಲ್ಲಿ ಎಚ್ಚೆತ್ತರೆ ಒಂದು ಕಿಟ್‌ನ ಬೆಲೆ ಮತ್ತು ಮೆಕ್ಯಾನಿಕ್‌ನ ಕೂಲಿಯಲ್ಲಿ ಕೆಲಸ ಮುಗಿಯುತ್ತದೆ. ತಡವಾದರೆ ಸಿಲಿಂಡರ್ ಹೆಡ್ಡನ್ನೇ ಬಿಚ್ಚಬೇಕಾದೀತು.

ರಾಜ್ಯದ ರಸ್ತೆಗಳಲ್ಲಿ ಈ ಮಾತು ಹೆಚ್ಚಾಗಿ ಅನ್ವಯಿಸುವುದು ಫಿಯೆಟ್ ವಿನ್ಯಾಸದ 1.3 ಲೀಟರ್ ಮಲ್ಟಿಜೆಟ್ ಎಂಜಿನ್‌ಗೆ. 2003ರಲ್ಲಿ ಯುರೋಪಿನಲ್ಲಿ ಬಂದ ಈ 1,248 ಸಿಸಿ ಎಂಜಿನ್, 2007ರಲ್ಲಿ ಮಾರುತಿ ಸ್ವಿಫ್ಟ್ ಡೀಸೆಲ್ ಮೂಲಕ ಇಲ್ಲಿ ಮನೆಮಾತಾಯಿತು. ಡಿಜೈರ್, ರಿಟ್ಜ್, ಎರ್ಟಿಗಾ, ವಿಟಾರಾ ಬ್ರೆಜಾ, ಟಾಟಾದ ಇಂಡಿಕಾ ವಿಸ್ಟಾ, ಫಿಯೆಟ್‌ನದೇ ಪುಂಟೊ ಮತ್ತು ಲಿನಿಯಾ ಕಾರುಗಳಲ್ಲೂ ಇದೇ ಎಂಜಿನ್ ಇತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನು ಕೈಬಿಟ್ಟಿತು. ಹೀಗಾಗಿ ಇಂದು ಓಡುತ್ತಿರುವ ಸ್ವಿಫ್ಟ್, ಡಿಜೈರ್ ಡೀಸೆಲ್‌ಗಳೆಲ್ಲ ಹಳೆಯವೇ. ಕೈ ಬದಲಾದ ಕಾರಾದರೆ ಹಿಂದಿನವರು ಆಯಿಲ್ ಯಾವಾಗ ಬದಲಿಸಿದ್ದರೆಂಬುದು ಹೊಸ ಮಾಲೀಕರಿಗೆ ತಿಳಿದಿರುವುದೂ ಇಲ್ಲ.

ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಈ ಲೆಕ್ಕ ತಪ್ಪದಂತೆ ಎರಡನ್ನೂ ಜೋಡಿಸುವುದು ಟೈಮಿಂಗ್ ಚೈನ್. ಅದು ಸಡಿಲವಾಗದಂತೆ ಒಂದು ಬದಿಯಿಂದ ಒತ್ತಿ ಹಿಡಿಯುವ ಪುಟ್ಟ ಪಿಸ್ಟನ್ನೇ ಟೆನ್ಷನರ್. ಅದರ ಬಲವೆಲ್ಲ ಎಂಜಿನ್ ಆಯಿಲ್‌ನ ಒತ್ತಡದಿಂದ ಬರುವಂಥದು. ಎಂಜಿನ್ ನಿಂತ ಮೇಲೆ ಆಯಿಲ್ ಕೆಳಗಿಳಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಒತ್ತಡ ಏರುವವರೆಗೆ ಒಳಗಿನ ಸ್ಪ್ರಿಂಗ್ ಮಾತ್ರವೇ ಆಸರೆ. ಟೆನ್ಷನರ್ ಸವೆದಿದ್ದರೆ, ಇಲ್ಲವೇ ಅದರ ರಂಧ್ರದಲ್ಲಿ ಕೆಸರು ಕಟ್ಟಿದ್ದರೆ, ಆ ಕೆಲವು ಸೆಕೆಂಡುಗಳಲ್ಲಿ ಚೈನ್ ಕುಣಿದು ಗೈಡ್‌ಗಳಿಗೆ ಬಡಿಯುತ್ತದೆ.

ಚೈನ್ ‘ಉದ್ದವಾಗಿದೆ’ ಎಂಬ ಗ್ಯಾರೇಜ್ ಮಾತು ಪೂರ್ತಿ ಸರಿಯಲ್ಲ. ಉಕ್ಕು ಹಿಗ್ಗುವುದಿಲ್ಲ, ಕೊಂಡಿಗಳ ಪಿನ್ನುಗಳು ಸವೆಯುತ್ತವೆ. ಡೀಸೆಲ್ ಮಸಿ ಬೆರೆತ ಹಳೆಯ ಆಯಿಲ್ ಈ ಪಿನ್ನುಗಳನ್ನು ಅರೆಯುತ್ತದೆ. ಬೆಂಗಳೂರಿನಂತಹ ನಗರದ ದಟ್ಟಣೆಯಲ್ಲಿ ಎಂಜಿನ್ ಗಂಟೆಗಟ್ಟಲೆ ಓಡಿದರೂ ಮೀಟರಿನಲ್ಲಿ ಕಿಲೋಮೀಟರ್ ಏರುವುದಿಲ್ಲ. ಆದ್ದರಿಂದ ಕಿಲೋಮೀಟರ್ ಒಂದನ್ನೇ ನೋಡಿ ಆಯಿಲ್ ಬದಲಿಸುವುದು ಈ ಎಂಜಿನ್‌ಗೆ ಒಗ್ಗದ ಪದ್ಧತಿ. ಬೆಲ್ಟ್ ಇರುವ ಎಂಜಿನ್‌ಗೆ ಬದಲಾವಣೆಯ ಗಡುವು ಇರುತ್ತದೆ. ಚೈನಿಗೆ ಅಂಥ ಗಡುವಿಲ್ಲದ ಕಾರಣವೇ ಅದರತ್ತ ಯಾರ ಗಮನವೂ ಹರಿಯದು.

ಪತ್ತೆ ಹೇಗೆ?

ಮೊದಲು ಆಯಿಲ್ ಮಟ್ಟ ನೋಡಬೇಕು. ಮಟ್ಟ ಇಳಿದಿದ್ದರೂ, ಕಳಪೆ ಫಿಲ್ಟರ್ ಹಾಕಿದ್ದರೂ ಇಂಥದೇ ಸದ್ದು ಬರಬಹುದು. ನಂತರ ಎಂಜಿನ್ ಪೂರ್ಣ ತಣ್ಣಗಿರುವಾಗ ಬಾನೆಟ್ ತೆರೆದು, ಒಬ್ಬರು ಚಾಲೂ ಮಾಡುವಾಗ ಇನ್ನೊಬ್ಬರು ಬೆಲ್ಟ್ ಪುಲ್ಲಿ ಇರುವ ಬದಿಗೆ ಕಿವಿಗೊಡಬೇಕು. ಗ್ಯಾರೇಜಿಗೆ ಓಡಿಸಿಕೊಂಡು ಹೋದ ಬಿಸಿ ಎಂಜಿನ್‌ನಲ್ಲಿ ಸದ್ದು ಕೇಳಿಸದೇ ಇರಬಹುದು. ಹಿಂದಿನ ರಾತ್ರಿಯೇ ಕಾರನ್ನು ಅಲ್ಲಿ ಬಿಡುವುದು ಒಳಿತು. ಆಲ್ಟರ್ನೇಟರ್ ಅಥವಾ ಪುಲ್ಲಿಯ ಬೇರಿಂಗ್ ಮೇಲೆ ಅನುಮಾನವಿದ್ದರೆ ಮೆಕ್ಯಾನಿಕ್ ಹೊರಗಿನ ಬೆಲ್ಟ್ ತೆಗೆದು ಕೆಲವೇ ಸೆಕೆಂಡು ಎಂಜಿನ್ ಓಡಿಸಿ ನೋಡಬಹುದು. ಸದ್ದು ಆಗಲೂ ಉಳಿದರೆ ದೋಷ ಒಳಗಿದೆ ಎಂದರ್ಥ.

ಸ್ಕ್ಯಾನರ್‌ನಲ್ಲಿ ಪಿ0016 ಎಂಬ ಸಂಕೇತ ಕಂಡರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಹೊಂದಾಣಿಕೆ ತಪ್ಪಿದೆ ಎಂದು ತಿಳಿಯಬಹುದು. ಸೆನ್ಸರ್ ದೋಷದಿಂದಲೂ ಅದು ಬರುವುದುಂಟು. ಆದರೆ ಸಂಕೇತ ಮತ್ತು ಸದ್ದು ಎರಡೂ ಇದ್ದರೆ ಕಾರನ್ನು ಮತ್ತೆ ಚಾಲೂ ಮಾಡದೆ ಟೋ ಮಾಡಿಸುವುದೇ ಲೇಸು. ಚೈನ್ ಹಲ್ಲು ಜಾರಿದರೆ ಪಿಸ್ಟನ್‌ಗಳು ಕವಾಟಗಳಿಗೆ ಬಡಿಯುತ್ತವೆ. ಮಲ್ಟಿಜೆಟ್‌ನಲ್ಲಿ ಅದೃಷ್ಟವಿದ್ದರೆ ರಾಕರ್‌ಗಳಷ್ಟೇ ಮುರಿದು ಉಳಿದದ್ದು ಬಚಾವಾಗುತ್ತದೆ. ಇಂಥ ಕಾರನ್ನು ತಳ್ಳಿ ಚಾಲೂ ಮಾಡುವುದಾಗಲಿ, ಮಡಿಕೇರಿಯಂತಹ ಊರಿನ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ಗೇರ್‌ನಲ್ಲಿ ನಿಲ್ಲಿಸುವುದಾಗಲಿ ಸಲ್ಲದು. ಎಂಜಿನ್ ಹಿಮ್ಮುಖವಾಗಿ ತಿರುಗಿದರೆ ಸಡಿಲ ಚೈನ್ ಜಾರುವ ಅಪಾಯ ಹೆಚ್ಚು.

ಬದಲಾವಣೆ

ಟೆನ್ಷನರ್ ಒಂದನ್ನೇ ಬದಲಿಸಿ ಹಣ ಉಳಿಸುವ ಸಲಹೆ ಗ್ಯಾರೇಜುಗಳಲ್ಲಿ ಸಿಗಬಹುದು. ಅದು ಉಳಿತಾಯವಲ್ಲ. ಸಂಪ್ ಮತ್ತು ಮುಂಭಾಗದ ಕವರ್ ಬಿಚ್ಚುವ ಕೂಲಿಯೇ ದೊಡ್ಡದಾದ್ದರಿಂದ ಚೈನ್, ಗೈಡ್, ಸ್ಪ್ರಾಕೆಟ್, ಸೀಲುಗಳನ್ನು ಒಟ್ಟಿಗೇ ಹಾಕಿಸಬೇಕು.

ಕ್ರ್ಯಾಂಕ್ ಮತ್ತು ಕ್ಯಾಮ್‌ಶಾಫ್ಟ್‌ಗಳನ್ನು ಈ ಎಂಜಿನ್‌ಗೆಂದೇ ಇರುವ ಲಾಕಿಂಗ್ ಟೂಲ್‌ಗಳಿಂದ ಬಂಧಿಸಿದ ಮೇಲೆಯೇ ಹಳೆಯ ಚೈನ್ ಬಿಚ್ಚಬೇಕು. ಹಳೆಯ ಚೈನ್ ಆಗಲೇ ಸವೆದಿರುವುದರಿಂದ ಬಣ್ಣದ ಗುರುತು ಹಾಕಿಕೊಂಡು ಜೋಡಿಸುವ ಪದ್ಧತಿ ಇಲ್ಲಿ ನಂಬಲರ್ಹವಲ್ಲ. ಆ ಟೂಲ್‌ಗಳಿಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡದಿರುವುದೇ ಸೂಕ್ತ. ಹೊಸ ಟೆನ್ಷನರ್ ಒತ್ತಿ ಹಿಡಿದ ಸ್ಥಿತಿಯಲ್ಲಿ ಪಿನ್ ಸಮೇತ ಬಂದಿದ್ದರೆ, ಜೋಡಣೆಯ ನಂತರ ಆ ಪಿನ್ ಕೀಳಲು ಮರೆಯಬಾರದು. ಆಮೇಲೆ ಟೂಲ್‌ಗಳನ್ನು ತೆಗೆದು, ಸ್ಪ್ಯಾನರ್‌ನಿಂದ ಎಂಜಿನ್ನನ್ನು ಅದರ ಸಹಜ ದಿಕ್ಕಿನಲ್ಲಿ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಟೂಲ್‌ಗಳು ಮತ್ತೆ ಸಲೀಸಾಗಿ ಕೂತರೆ ಟೈಮಿಂಗ್ ಸರಿಯಾಗಿದೆ ಎಂದರ್ಥ. ಕೂರದಿದ್ದರೆ ಬಲವಂತ ಮಾಡದೆ ಮೊದಲಿನಿಂದ ಜೋಡಿಸಬೇಕು.

ಕೈಪಿಡಿ ಹೇಳಿದ ದರ್ಜೆಯ ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿದ ನಂತರ, ಇಂಧನ ಹೋಗದಂತೆ ತಡೆದು ಸ್ಟಾರ್ಟರ್‌ನಿಂದ ಕೆಲವು ಸೆಕೆಂಡು ಎಂಜಿನ್ ತಿರುಗಿಸಿದರೆ ಟೆನ್ಷನರ್‌ಗೆ ಆಯಿಲ್ ತುಂಬುತ್ತದೆ. ಆ ಬಳಿಕ ಚಾಲೂ ಮಾಡಿದಾಗ ಕ್ಷಣಕಾಲ ಸದ್ದು ಬಂದರೂ ಗಾಬರಿ ಬೇಡ. ಮರುದಿನ ಮುಂಜಾನೆ ತಣ್ಣಗಿನ ಎಂಜಿನ್‌ನಲ್ಲಿ ಅದು ಕೇಳಿಸಕೂಡದು.