ಯಂತ್ರದಲ್ಲಿ ಇರದಿದ್ದ ಬೀಗ

ಆಪಲ್‌ನ ಮ್ಯಾಕ್ ಓಎಸ್ ಬೇರೆ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ ಎಂಬ ಮಾತನ್ನು ತಾಂತ್ರಿಕ ಸತ್ಯವೆಂದೇ ನಂಬಿದವರು ಬಹಳ. ಮ್ಯಾಕ್‌ಗಳು ಇಂಟೆಲ್ ಪ್ರೊಸೆಸರ್ ಬಳಸಿದ ಕಾಲದ ಮಟ್ಟಿಗಂತೂ ಅದು ‘ನಡೆಯುವುದಿಲ್ಲ’ ಅಲ್ಲ, ‘ನಡೆಸಕೂಡದು’. 1995ರಲ್ಲಿ ಆಪಲ್ ತಾನೇ ಪರವಾನಗಿ ಕೊಟ್ಟದ್ದರಿಂದ ಪವರ್ ಕಂಪ್ಯೂಟಿಂಗ್‌ನಂಥ ಕಂಪನಿಗಳು ಮ್ಯಾಕ್ ತದ್ರೂಪಿಗಳನ್ನು ಮಾರಿದವು. 1997ರಲ್ಲಿ ಸ್ಟೀವ್ ಜಾಬ್ಸ್ ಮರಳಿದ ಮೇಲೆ ಅದು ನಿಂತಿತು. 2004ರ ಪೇರ್‌ಪಿಸಿ ತಂತ್ರಾಂಶ ಇಂಟೆಲ್ ಯಂತ್ರದೊಳಗೆ ಆಗಿನ ಮ್ಯಾಕ್‌ಗಳ ಪವರ್‌ಪಿಸಿ ಪ್ರೊಸೆಸರನ್ನು ಅನುಕರಿಸಿ ಮ್ಯಾಕ್ ಓಎಸ್ ಎಬ್ಬಿಸಿತಾದರೂ, ಒಂದೊಂದು ಆದೇಶವನ್ನೂ ಮಾರ್ಪಡಿಸಬೇಕಾಗಿ ತೆವಳುತ್ತಿತ್ತು. 2006ರ ಜನವರಿಯಲ್ಲಿ ಇಂಟೆಲ್ ಮ್ಯಾಕ್ ಬಂದಾಗ ಆ ತೊಡಕೂ ಹೋಯಿತು. ಆಗ ಉಳಿದ ಮುಖ್ಯ ಕಾವಲು ಎಸ್‌ಎಂಸಿ ಎಂಬ ಪುಟ್ಟ ಚಿಪ್: ಫ್ಯಾನು, ಶಾಖ ನೋಡಿಕೊಳ್ಳುವ ಅದರಲ್ಲಿ ಒಂದು ಗುಪ್ತಪದವಿದೆಯೇ ಎಂದು ಓಎಸ್ ವಿಚಾರಿಸುತ್ತದೆ. ಕ್ಯೂಎಮುವಿನಂಥ ತಂತ್ರಾಂಶ ಆ ಚಿಪ್ಪನ್ನೇ ಅನುಕರಿಸಬಲ್ಲದು. ಗುಪ್ತಪದವನ್ನು ಬಳಸುವವರು ಕೊಟ್ಟರಾಯಿತು. ಇಂಟೆಲ್, ಎಎಂಡಿ ಪ್ರೊಸೆಸರುಗಳಿಗೆ 2005–06ರಲ್ಲೇ ವರ್ಚುವಲೈಸೇಶನ್, ಎಂದರೆ ಒಂದು ಯಂತ್ರದೊಳಗೆ ಇನ್ನೊಂದನ್ನು ನಡೆಸುವ ಸೌಲಭ್ಯ, ಸೇರಿದ್ದರಿಂದ ವೇಗಕ್ಕೂ ಕೊರತೆಯಿರಲಿಲ್ಲ.

ನಿಜವಾದ ಬೀಗ, ಆಪಲ್ ಯಂತ್ರದಲ್ಲಷ್ಟೇ ನಡೆಸಬೇಕೆನ್ನುವ ಪರವಾನಗಿ ಪತ್ರದಲ್ಲಿತ್ತು. ಫ್ಲಾರಿಡಾದ ಸೈಸ್ಟಾರ್ ಕಂಪನಿ 2008ರಲ್ಲಿ ಮ್ಯಾಕ್ ಓಎಸ್ ತುಂಬಿದ ಸಾಮಾನ್ಯ ಕಂಪ್ಯೂಟರುಗಳನ್ನು ಮಾರತೊಡಗಿದಾಗ ಆಪಲ್ ಮೊಕದ್ದಮೆ ಹೂಡಿತು. 2009ರಲ್ಲಿ ಗೆದ್ದಿತು, 2011ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಓಎಸ್‌ನ ಖರ್ಚನ್ನು ಆಪಲ್ ತನ್ನ ಯಂತ್ರದ ಬೆಲೆಯಲ್ಲಿ ತೆಗೆಯುತ್ತದೆ, ಬೇರೆ ಯಂತ್ರದಲ್ಲಿ ನಡೆಸುವವರು ಆ ದುಡಿಮೆಗೆ ಏನೂ ಕೊಡುವುದಿಲ್ಲ ಎಂಬ ವಾದವಿದೆ. ಒಂದೇ ಮೂಲಪ್ರತಿಯಿಂದ ಸಾಲುಸಾಲು ಯಂತ್ರಗಳಿಗೆ ನಕಲಿಳಿಸಿ ಲಾಭ ಮಾಡಿದ ಸೈಸ್ಟಾರ್‌ನ ವಿಷಯದಲ್ಲಿ ಅದು ಸರಿಯಾದ ವಾದವೇ. ಹಳೆಯ ಕಡತ ತೆರೆಯಲು, ತನ್ನ ತಂತ್ರಾಂಶ ಪರೀಕ್ಷಿಸಲು ಮನೆಯಲ್ಲಿ ಒಂದು ಪ್ರತಿ ನಡೆಸುವವರನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆಪಲ್ ಕೂಡ 2011ರ ಲಯನ್ ಆವೃತ್ತಿಯಿಂದ ವರ್ಚುವಲ್ ಯಂತ್ರಗಳಲ್ಲಿ ಎರಡು ಹೆಚ್ಚುವರಿ ಪ್ರತಿ ನಡೆಸಲು ಅನುಮತಿ ಕೊಟ್ಟಿತು, ಆದರೆ ಕೆಳಗಿನ ಯಂತ್ರ ಆಪಲ್‌ನದೇ ಆಗಿರಬೇಕು. ಎಂದರೆ ಅದರ ತಕರಾರು ವರ್ಚುವಲೈಸೇಶನ್ ಬಗ್ಗೆ ಅಲ್ಲ, ಪೆಟ್ಟಿಗೆಯ ಮೇಲಿನ ಹೆಸರಿನ ಬಗ್ಗೆ.

ಕಾನೂನು ಕಾಯುತ್ತಿದ್ದ ಗಡಿಯನ್ನು ಮತ್ತೆ ಯಂತ್ರವೇ ಕಾಯತೊಡಗಿದ್ದು 2020ರಲ್ಲಿ, ಆಪಲ್ ತನ್ನದೇ ಎಂ1 ಪ್ರೊಸೆಸರಿಗೆ ಹೊರಳಿದಾಗ. 2025ರ ಜೂನಿನಲ್ಲಿ ಅದು ಪ್ರಕಟಿಸಿದಂತೆ, ಇಂಟೆಲ್ ಪ್ರೊಸೆಸರುಗಳಲ್ಲಿ ನಡೆಯುವ ಕೊನೆಯ ಮ್ಯಾಕ್ ಓಎಸ್ ಟಾಹೋ.