ಕಿವಿಗೊಟ್ಟು ಕೂತ ನಿಪ್ಪರ್

ಎಚ್‌ಎಂವಿ ರೆಕಾರ್ಡುಗಳ ಮೇಲೆ ನಮ್ಮ ಮನೆಗಳಿಗೂ ಬಂದ ನಿಪ್ಪರ್ ಎಂಬ ಈ ನಾಯಿ ಇಂಗ್ಲೆಂಡಿನ ಬ್ರಿಸ್ಟಲ್‌ನದು, ತೀರಿಕೊಂಡದ್ದು 1895ರಲ್ಲಿ. ಆಮೇಲೆ ಕಲಾವಿದ ಫ್ರಾನ್ಸಿಸ್ ಬರಾಡ್ ಬರೆದ ಚಿತ್ರದಲ್ಲಿ ಅದು ಕಿವಿಗೊಟ್ಟದ್ದು ಸಿಲಿಂಡರ್ ಫೋನೋಗ್ರಾಫಿಗೆ. 1899ರಲ್ಲಿ ಚಿತ್ರ ಕೊಂಡ ಗ್ರಾಮೋಫೋನ್ ಕಂಪನಿಗಾಗಿ ಬರಾಡ್ ಆ ಫೋನೋಗ್ರಾಫಿನ ಮೇಲೆಯೇ ಗ್ರಾಮೋಫೋನ್ ಬಿಡಿಸಿದರು. ಹಳೆಯ ಯಂತ್ರದ ಗೆರೆಗಳು ಬಣ್ಣದಡಿ ಈಗಲೂ ಕಾಣುತ್ತವೆ!

ಇದೇ ನಾಯಿಯನ್ನು ಗುರುತಾಗಿಸಿಕೊಂಡಿದ್ದ ಅಮೆರಿಕದ ಆರ್‌ಸಿಎ ವಿಕ್ಟರ್ ಅಂಗಡಿಗಳಿಗೆ ಕಾಗದದ ತಿರುಳಿನ ನಿಪ್ಪರ್‌ಗಳನ್ನು ಮಾಡಿಕೊಟ್ಟದ್ದು ಒಹಾಯೋದ ಕ್ಯಾಂಟನ್ ಊರಿನ ಓಲ್ಡ್ ಕಿಂಗ್ ಕೋಲ್ ಕಂಪನಿ. ಅಂಗಡಿಯಿಂದ ಮನೆ ಸೇರಿದ ಇಂಥ ಬೊಂಬೆಗಳು, ಯಜಮಾನರ ಕಾಲಾನಂತರ ಸಾಮಾನೆಲ್ಲ ಮಾರುವ ‘ಎಸ್ಟೇಟ್ ಸೇಲ್’ಗಳಲ್ಲಿ ಸಂಗ್ರಾಹಕರಿಗೆ ಸಿಗುತ್ತವೆ. ನಕಲುಗಳೂ ಇವೆ. ಅಸಲಿ ಬೊಂಬೆಯ ಬಣ್ಣ ಉದುರಿದ್ದರೆ ಹಾಗೆಯೇ ಬಿಡಬೇಕು. ಹೊಸ ಬಣ್ಣ ಬಳಿದರೆ ಅಂಗಡಿಯಲ್ಲಿ ಕಳೆದ ವರ್ಷಗಳ ಗುರುತೇ ಅಳಿಸಿಹೋಗುತ್ತದೆ.